ಅಂಗೈ ತೂಕ

ಸಾರಥಿ ಊರಿನ ಗೋಣೆಪ್ಪನಿಗೆ ಸೀಸದ ಅದಿರು ಗುರುತಿಸಲು ಕಣ್ಣು ಬೇಕಿರಲಿಲ್ಲ. ಗಾಳಿ, ನೀರು ತಿಂದು ಮಾಸಿದ ಆ ಅದಿರು ನೋಡಲು ಥೇಟ್ ಸುಣ್ಣಕಲ್ಲು. ಎತ್ತಿದರೆ ಮಾತ್ರ ಅಂಗೈ ಜಗ್ಗುತ್ತದೆ. ಹರಿಹರದ ಹೊರಗಿನ ಸೀಸ ಕರಗಿಸುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಆತ ಹಾಗೆ ಎತ್ತೆತ್ತಿ ನೋಡಿ, ಭಾರದ್ದನ್ನು ಒಳಗಿನ ಗುಡ್ಡೆಗೆ, ಹಗುರದ್ದನ್ನು ಗೇಟಿನಾಚೆಯ ಗುಡ್ಡೆಗೆ ಎಸೆದ. ಗ್ಲೌಸ್ ಕೇಳಿದಾಗೆಲ್ಲ ಮಾಲೀಕ ಅಂಜನಕುಮಾರನದು ಒಂದೇ ಮಾತು: “ಗ್ಲೌಸ್ ಹಾಕ್ಕಂಡ್ರೆ ನಿನಗೆ ತೂಕ ಹೆಂಗೆ ಗೊತ್ತಾಗ್ತೈತೋ?”

ಮೊನ್ನೆ ಮಾಲೀಕ ಪಿಸ್ತೂಲಿನಂಥ ಯಂತ್ರವೊಂದನ್ನು ತಂದ. ಕಲ್ಲಿಗೆ ಒತ್ತಿ ಹಿಡಿದರೆ ಸೀಸ ಎಷ್ಟಿದೆಯೆಂದು ಅದೇ ತೋರಿಸುತ್ತದೆ. ಗೋಣೆಪ್ಪ ಆರಿಸಿದ್ದ ಹತ್ತಕ್ಕೆ ಹತ್ತೂ ಕಲ್ಲು ಸರಿಯಿದ್ದವು. ಭೇಷ್ ಅನ್ನುವುದು ಬಿಟ್ಟು ಅಂಜನಕುಮಾರ ತಮಾಷೆಗೆಂದು ಯಂತ್ರವನ್ನು ಅವನ ಅಂಗೈಗೇ ಒತ್ತಿದ. ಸೀಸ ತೋರಿಸಿತು.

“ಸೋಪು ಹಚ್ಚಿ ತೊಳ್ಕಂಡು ಬಾ, ಹೋಗು.”

ಮೂರು ಸಲ ತೊಳೆದು ಬಂದರೂ ತೋರಿಸಿತು. ಕೆಲಸದವರೆಲ್ಲ ಬಿದ್ದು ಬಿದ್ದು ನಕ್ಕರು.

ಈಚೆಗೆ ನಡುಗತೊಡಗಿದ್ದ ಕೈಯನ್ನು ಹಾಗೇ ಚಾಚಿಕೊಂಡು ಗೋಣೆಪ್ಪ, ಕಲ್ಲಿನ ಬಗ್ಗೆ ಕೇಳುವಂತೆಯೇ ಕೇಳಿದ: “ಎಷ್ಟ್ ಐತ್ರಿ ಸಾವ್ಕಾರ್ರೆ?”

“ಕರಗಿಸೋ ಅಷ್ಟು ಇಲ್ಲ ಬಿಡು,” ಎಂದ ಅಂಜನಕುಮಾರ ಯಂತ್ರದ ತುದಿಯಿಂದ ಗೇಟಿನಾಚೆಯ ಗುಡ್ಡೆ ತೋರಿಸಿದ. “ನಿನ್ನ ಜಾಗ ಆ ಕಡೆ. ನಾಳೆಯಿಂದ ಬರಬ್ಯಾಡ.”