ಶಿವನ ಕಲ್ಲುಗಳು

ನಮ್ಮೂರು ಬಾಡದ ಶಿವ ಮೀನುಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಅವನಷ್ಟು ಮೀನು ತರುವವರೂ ಕಡಿಮೆ, ಅವನಷ್ಟು ಬಾಯಿ ಬಿಗಿದವರೂ ಕಡಿಮೆ. ಕಡಲಡಿಯ ಯಾವ ಕಲ್ಲಿನ ಸುತ್ತ ಮೀನು ಸೇರುತ್ತದೆಂದು ಹೆಂಡತಿ ಕಮಲಿಗೂ ಹೇಳಿದವನಲ್ಲ. ಅವನ ಅಪ್ಪ ದಡದ ಗುಡ್ಡಗಳನ್ನು ನೋಡಿ ಜಾಗ ಹಿಡಿಯುತ್ತಿದ್ದ. ಜಿಪಿಎಸ್ ಬಂದ ಮೇಲೆ ಶಿವನಿಗೆ ಆ ರೂಢಿ ತಪ್ಪಿತು, ಗುರುತೆಲ್ಲ ಯಂತ್ರದೊಳಗೆ. ದಡ ಸೇರಿದೊಡನೆ ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತರುತ್ತಿದ್ದ. "ಮಕ್ಕಳನ್ನೂ ಹಿಂಗೆ ಎತ್ತಿದವರಲ್ಲ ಅಕ್ಕ," ಎಂದು ಕಮಲಿ ನನ್ನ ಜೊತೆ ಹೂ ಕಟ್ಟುತ್ತ ಹೇಳುವಳು.

ಎರಡು ಸಾವಿರದ ಎಂಟರಲ್ಲಿ, ಬೋಟಿನ ಆಳುಗಳಾದ ಖಲಾಸಿಗಳು ಯಂತ್ರವನ್ನು ಕದ್ದು ನೋಡುತ್ತಾರೆಂಬ ಸಂಶಯ ಅವನನ್ನು ಹೊಕ್ಕಿತು. ಗುರುತುಗಳನ್ನು ಕುಮಟೆಯ ದಿನಕರನ ಕಂಪ್ಯೂಟರ್ ಅಂಗಡಿಯಲ್ಲಿ ಇಡಿಸಿ, ಯಂತ್ರದಿಂದ ಅಳಿಸಿ, ಕಡಲಿಗೆ ಹೋಗುವ ದಿನ ಬೇಕಾದ ಒಂದೆರಡನ್ನಷ್ಟೇ ತುಂಬಿಸಿಕೊಳ್ಳುವುದೆಂದು ನಿಶ್ಚಯಿಸಿದ. ಜಿಪಿಎಸ್‌ನ ಪ್ರೋಗ್ರಾಂ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ನಡೆಯದು. ಅದಕ್ಕೆಂದೇ ದಿನಕರ ಹೊಸದರ ಹೊಟ್ಟೆಯೊಳಗೆ ಒಂದು ಹಳೆಯ ಕಂಪ್ಯೂಟರನ್ನು ಸಾಕಿದ್ದ. ಅದಕ್ಕೆ ಪೆಟ್ಟಿಗೆಯಿಲ್ಲ, ತಂತಿಯಿಲ್ಲ. ಪರದೆಯ ಮೇಲೊಂದು ಚೌಕ, ಅಷ್ಟೇ. ವರ್ಚುವಲ್ ಮೆಷಿನ್ ಅಂತೆ.

"ಆತು ಶಿವಣ್ಣ, ಸೇವ್ ಆತು," ಎಂದ ದಿನಕರ.

ಶಿವ ಅಲ್ಲೇ ನಿಂತು ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿದ. ಅಳಿಸಿ ಮುಗಿಯುವಾಗಲೇ ಕರೆಂಟು ಹೋಯಿತು. ಅಂಗಡಿಯ ಯುಪಿಎಸ್ ಕುಂಯ್ ಎಂದು ಸುಮ್ಮನಾಯಿತು. ಕರೆಂಟು ಬಂದ ಮೇಲೆ ಒಳಗಿನ ಕಂಪ್ಯೂಟರೂ ಎದ್ದಿತು. ಗುರುತುಗಳು ಮಾತ್ರ ಒಂದೂ ಇರಲಿಲ್ಲ.

"ಸೇವ್ ಆತು ಅಂದ್ಯಲ್ಲೋ!"

"ಒಳಗಿನದು ಬರೆಯೂಕೆ ಅಂತ ಹೊರಗಿನದರ ಕೈಗೆ ಕೊಟ್ತು. ಹೊರಗಿನದು ಕ್ಯಾಶ್ ಅಂತ ತನ್ನ ನೆನಪಲ್ಲಿ ಇಟ್ಕಂಡು, ಡಿಸ್ಕಿಗೆ ಆಮೇಲೆ ಬರೆದ್ರಾತು ಅಂದ್ಕಂಡು, 'ಆತು' ಅಂದುಬಿಡ್ತು. ಅಷ್ಟರಲ್ಲಿ ಕರೆಂಟ್ ಹೋತು."

"ಕೆಲಸ ಮಾಡದೇ ಆತು ಅನ್ನೂಕೆ ಅದಕ್ಕೇನು ಸರ್ಕಾರಿ ನೌಕರಿ ಅದ್ಯಾ?"

ಮನೆಯಲ್ಲಿ ಕಮಲಿ ಇನ್ನೊಂದು ಹೇಳಿದಳು: "ಜಟಗ ದೇವರಿಗೆ ಕಾಯಿ ಒಡೆಸ್ದೆ ಅಂತ ನೀವು ನಂಗೆ ಹೇಳ್ತ್ರಿ. ಕಾಯಿ ಬೋಟಲ್ಲೇ ಉರುಳ್ತಿರ್ತದೆ. ಆ ಕಂಪ್ಯೂಟರು ನಿಮ್ಮ ಮನೆತನದ್ದೇ."

ಶಿವನಿಗೆ ನಗು ಬರಲಿಲ್ಲ. ಮರುದಿನ ಅಂದಾಜಿನ ಮೇಲೆ ಹೋಗಿ ಬರಿ ಬಲೆ ತಂದ. ಖಲಾಸಿಗಳು ಬೇರೆ ಬೋಟು ಹುಡುಕುವ ಮಾತಾಡತೊಡಗಿದರು.

"ಸುಬ್ಬನ ಹತ್ರ ಕೇಳಿ," ಎಂದಳು ಕಮಲಿ.

ಸುಬ್ಬ ಇನ್ನೊಂದು ಬೋಟಿನ ತಾಂಡೇಲ. ವರ್ಷಗಟ್ಟಲೆ ಶಿವನ ಬೋಟಿನ ಹಿಂದೆಯೇ ಸುಳಿದವನು. ಅವನನ್ನು ಬೈಯದೆ ಶಿವನಿಗೆ ಊಟ ಇಳಿಯುತ್ತಿರಲಿಲ್ಲ. ಈಗ ಅವನ ಜಗಲಿಯಲ್ಲೇ ಹೋಗಿ ಕೂತ.

"ನಿನ್ನ ಹಿಂದೆ ನಾನೆಂತಕ್ಕೆ ಬರಲಿ ಮಾರಾಯ?" ಎಂದ ಸುಬ್ಬ.

"ಬಂದಿದ್ರೆ ಪುಣ್ಯ ಬರ್ತದೆ ನಿಂಗೆ. ಬಂದಿಲ್ಲ ಅಂದ್ರೆ ನಾ ಸತ್ತೆ."

ಸುಬ್ಬ ಒಳಗಿಂದ ತನ್ನ ಯಂತ್ರ ತಂದ. ಅದರೊಳಗೆ 'ಶಿವ ಒಂದು', 'ಶಿವ ಎರಡು' ಎಂದು ಸಾಲಾಗಿ ಗುರುತುಗಳು. ಶಿವನ ಕಣ್ಣು ತುಂಬಿತು. 'ಶಿವ ಏಳು' ಬಂದಾಗ ಮಾತ್ರ ತಡೆಯಲಾರದೆ ನಕ್ಕುಬಿಟ್ಟ.

"ಎಂತಕ್ಕೆ ನಗ್ತೆ?"

"ಅಲ್ಲಿ ಕಲ್ಲೇ ಇಲ್ಲ. ನಿನ್ನ ದಾರಿ ತಪ್ಪಿಸೂಕೆ ನಿಂತು ಗಂಜಿ ಉಂಡ ಜಾಗ ಅದು."

"ಅಲ್ಲಿ ನಂದು ಒಂದು ಸೀಜನಿನ ಡೀಸೆಲ್ ಹೋತಲ್ಲೋ! ಹಂಗಾರೆ ಸುಳ್ಳಿನವೆಲ್ಲ ಯಾವವು, ಈಗಲೇ ಹೇಳು. ಇಲ್ಲದಿದ್ರೆ ಯಂತ್ರ ಒಳಗೆ ಹೋತು."

ಶಿವ ಒಂದೊಂದಾಗಿ ತೋರಿಸಿದ. ಸುಬ್ಬ ಬೈಯುತ್ತ ಅಳಿಸಿದ. ಉಳಿದ ಗುರುತುಗಳು ಇಬ್ಬರ ಯಂತ್ರಕ್ಕೂ ಸೇರಿದವು.

"ನಾಳೆಯಿಂದ ಅವ ನನ್ನ ಮುಂದೇ ಹೋಗ್ತ," ಎಂದು ಶಿವ ಮನೆಯಲ್ಲಿ ತಲೆ ಹಿಡಿದು ಕೂತ.

"ಹೋಗ್ಲಿ ಬಿಡಿ. ಸ್ವಲ್ಪ ದಿನ ನೀವು ಅವನ ಹಿಂದೆ ಹೋಗಿ," ಎಂದಳು ಕಮಲಿ.