ಭೂಪಾಲಣ್ಣನ ಡ್ರಮ್ಮು

ರಾಯಬಾಗದಲ್ಲಿ ಅರಿಷಿಣ ಪಾಲಿಶ್ ಮಾಡುವ ಡ್ರಮ್ಮು ತಯಾರಿಸುವ ಭೂಪಾಲಣ್ಣನ ವರ್ಕ್‌ಶಾಪಿಗೆ ಸೇರಬೇಕಾದರೆ ಡಿಪ್ಲೊಮಾ ಆಗಿರಲೇಬೇಕು. ಸೇರಿದ ಮೇಲೆ ಅದನ್ನು ಮರೆತುಬಿಡಬೇಕು. ಕೆಲಸಗಾರರ ಸರ್ಟಿಫಿಕೇಟುಗಳಿಗೆಲ್ಲ ಅವನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ, ಗಿರಾಕಿ ಬಂದರೆ ಬೆರಳು ಮಾಡಿ ತೋರಿಸುತ್ತಾನೆ. ಆದರೆ ಆ ಕೆಲಸಗಾರರು ಹೊಸದೇನಾದರೂ ಹೇಳಲು ಬಾಯಿಬಿಟ್ಟರೆ ಮಾತ್ರ, "ನಡಿಯೂದಿಲ್ಲ ಬಿಡ್ರಿ. ಇಲ್ಲೇ ಹುಟ್ಟಿ ಇಲ್ಲೇ ಕಲತವರು, ನೀವೇನ ಹೊಸಾದು ಹುಡಕತೀರಿ?" ಎಂದು ಎಲೆಅಡಿಕೆ ಮಡಚುತ್ತಾನೆ. ಡ್ರಮ್ಮಿನ ಧೂಳನ್ನು ಹೀರಿಕೊಳ್ಳುವ ಫ್ಯಾನಿನ ನಕ್ಷೆಯನ್ನು ಅಲ್ಲೇ ಕೆಲಸಕ್ಕಿದ್ದ ಚಿಂಚಲಿಯ ಸಾರಿಕಾ ಮೂರು ಸಲ ತಂದಳು. ಮೂರು ಸಲವೂ ಅವನು ಅದರ ಮೇಲೆ ಚಹಾದ ಕಪ್ಪು ಇಟ್ಟ. ನಾಲ್ಕನೆಯ ಸಲ ಅವಳು, "ಅಣ್ಣಾರ, ಕೊಲ್ಲಾಪುರದಾಗ ಹಿಂಗ ಮಾಡಾಕತ್ತಾರಂತ್ರಿ," ಎಂದಳು. ಮರುದಿನವೇ ಫ್ಯಾನು ಕೂತಿತು. ಅಂದಿನಿಂದ ಆ ವರ್ಕ್‌ಶಾಪಿನ ಹೊಸ ಯೋಚನೆಗಳೆಲ್ಲ ಕೊಲ್ಲಾಪುರದಲ್ಲೇ ಹುಟ್ಟುತ್ತವೆ. ಹೋದ ತಿಂಗಳು ಸಾಕ್ಷಾತ್ ಕೊಲ್ಲಾಪುರದ ವ್ಯಾಪಾರಿಯೊಬ್ಬ ಬಂದು, ಇಂಥ ಫ್ಯಾನಿರುವ ಡ್ರಮ್ಮು ತಮ್ಮ ಕಡೆ ಎಲ್ಲೂ ಇಲ್ಲವೆಂದು ಬೆರಗಾಗಿ, ಇದು ಯಾರ ತಲೆ ಎಂದು ಕೇಳಿದ. ಎಲ್ಲರೂ ಸಾರಿಕಾಳ ಮುಖ ನೋಡಿದರು. ಭೂಪಾಲಣ್ಣ ಮಾತ್ರ ಕಣ್ಣು ಮಿಟುಕಿಸದೆ, "ನಿಮ್ಮ ಊರಿಂದನ ಬಂದದ್ದರೀ," ಎಂದ. ಅವನ ಬೆನ್ನ ಹಿಂದೆ, ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅವನೇ ತಲೆ ಓಡಿಸಿ ಮಾಡಿದ ಮೊದಲ ಡ್ರಮ್ಮು ನಿಂತಿತ್ತು. ಎರಡು ವರ್ಷ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಅವನೇ ಕುಂಚ ಹಿಡಿದು ಅದರ ಹೊಟ್ಟೆಯ ಮೇಲೆ "ಕೊಲ್ಲಾಪುರ ಮಾಡೆಲ್" ಎಂದು ಬರೆದ ಮೇಲೆಯೇ ಊರಿನ ಜನ ಆರ್ಡರ್ ಕೊಟ್ಟಿದ್ದರು.