ಅತ್ತೆಯ ಕೈ, ಸ್ಟೌವಿನ ಕಾಲು

ನಮ್ಮತ್ತೆಗೆ ಗಾಜಿನ ಸ್ಟೌ ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹಳೇ ಸ್ಟೀಲ್ ಸ್ಟೌವನ್ನು ಅಟ್ಟಕ್ಕೆ ಹಾಕಿ ಕಪ್ಪು ಗಾಜಿನ ಮೂರು ಬರ್ನರ್ ಸ್ಟೌ ತಂದವಳು ನಾನು. ಅದನ್ನು ಅಡುಗೆಕಟ್ಟೆಯ ಮೇಲೆ ಕೂರಿಸಿದ ದಿನ ಅವರು ಸೊಂಟಕ್ಕೆ ಕೈ ಕೊಟ್ಟು ನಿಂತು, "ಮೊಕ ನೋಡ್ಕಂಡು ತಲೆ ಬಾಚ್ಕಳಕ್ಕೆ ಚೆಂದಾಗೈತೆ. ಇದ್ರ ಮೇಲೆ ಇಟ್ಟು ತಿರುವೋದು ಎಂಗವ್ವ?" ಎಂದು ಕೇಳಿದ್ದರು.

ಇಟ್ಟು ಅಂದರೆ ಹಿಟ್ಟು, ಅಂದರೆ ರಾಗಿ ಮುದ್ದೆ. ನಮ್ಮ ಚನ್ನಪಟ್ಟಣದ ಮನೆಯಲ್ಲಿ ಅದನ್ನು ಅಡುಗೆ ಅಂತ ಯಾರೂ ಕರೆಯುವುದಿಲ್ಲ, ಅದು ಕುಸ್ತಿ. ಕೊತಕೊತ ಕುದಿಯುವ ಎಸರಿಗೆ ಹಿಟ್ಟು ಸುರಿದು, ಎಡಗೈಯಲ್ಲಿ ಪಾತ್ರೆಯನ್ನು ಅದುಮಿ ಹಿಡಿದು, ಬಲಗೈಯಲ್ಲಿ ಕೋಲು ಹಾಕಿ ನಮ್ಮತ್ತೆ ತಿರುವಲು ನಿಂತರೆಂದರೆ ಪಕ್ಕದ ಬರ್ನರಿನ ಸಾರಿಗೂ ಭಯವಾಗಬೇಕು. ಎಪ್ಪತ್ತು ದಾಟಿದ ಹೆಂಗಸು. ಅವರ ಮುದ್ದೆಯಲ್ಲಿ ಗಂಟು ಹುಡುಕಿ ತೋರಿಸಿದವರು ಇವತ್ತಿನವರೆಗೂ ಇಲ್ಲ. ಹುಡುಕುವ ಧೈರ್ಯವೂ ಯಾರಿಗೂ ಇರಲಿಲ್ಲ.

ಹೀಗಿದ್ದವರು ಒಂದು ದಿನ ಬೆಳಿಗ್ಗೆ ಕೋಲನ್ನು ತಂದು ನನ್ನ ಕೈಗೆ ಕೊಟ್ಟು, "ಇವತ್ತಿಂದ ನೀನೇ ತಿರುವು" ಎಂದು ಹೇಳಿ ಜಗಲಿಗೆ ಹೋಗಿ ಕೂತರು.

ಇಪ್ಪತ್ತೈದು ವರ್ಷ ಸೊಸೆಯಾಗಿದ್ದವಳಿಗೆ ಇಂಥ ಹೊತ್ತಿನಲ್ಲಿ ಮೊದಲು ಹೊಳೆಯುವುದು ತನ್ನ ಅಪರಾಧಗಳು. ಹಿಂದಿನ ವಾರವೆಲ್ಲ ನೆನಪಿಸಿಕೊಂಡೆ. ಅವರ ಧಾರಾವಾಹಿಯ ನಡುವೆ ನ್ಯೂಸ್ ಹಾಕಿದ್ದೆ. ಅವರ ತಂಗಿ ಬಂದಾಗ ಕಾಫಿಗೆ ಸಕ್ಕರೆ ಕಮ್ಮಿ ಹಾಕಿದ್ದೆ. ಎರಡೂ ಕೋಲು ಕೆಳಗಿಡುವಷ್ಟು ದೊಡ್ಡ ತಪ್ಪುಗಳೆಂದು ತೋರಲಿಲ್ಲ.

ಅಂತೂ ನಾನು ತಿರುವಿದೆ. ನಾನು ರಾಮನಗರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳುವವಳು. ಮಗ್ಗಿ ಬಾರದ ಮಕ್ಕಳಿಗೆ ಭೂಕಂಪ ಅರ್ಥ ಮಾಡಿಸಬಲ್ಲೆ, ಮುದ್ದೆ ಮಾತ್ರ ನನ್ನ ಮಾತು ಕೇಳುವುದಿಲ್ಲ. ನನ್ನ ಗಂಡ ಮಾಗಡಿ ರೂಟಿನ ಬಸ್ಸಿನಲ್ಲಿ ಕಂಡಕ್ಟರು. ಊಟಕ್ಕೆ ಕೂತು ಒಂದು ತುತ್ತು ಮುರಿದು, ಒಳಗಿನ ಹಸಿ ಹಿಟ್ಟಿನ ಗಂಟನ್ನು ಹರಿದ ನೋಟು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು.

"ಲೇ ಇವ್ಳೇ, ಇದ್ರೊಳಗೆ ಇನ್ನೊಂದು ಮುದ್ದೆ ಐತೆ ಕಣೆ."

"ಒಂದಕ್ಕೆ ಎರಡು ಸಿಕ್ಕಿದೆಯಲ್ಲಾ, ತಿನ್ನಿ" ಎಂದೆ.

ಅತ್ತೆ ನಗಲಿಲ್ಲ. ಅವರು ನಗದಿದ್ದದ್ದೇ ನನಗೆ ಸರಿಬರಲಿಲ್ಲ. ನನ್ನ ಅಡುಗೆ ಕೆಟ್ಟ ದಿನ ಅವರಿಗೆ ಹಬ್ಬವಿದ್ದ ಹಾಗೆ. ಮೂರು ದಿನ ಕಳೆದ ಮೇಲೆ ಒಂದು ಸಾಯಂಕಾಲ ಜಗಲಿಯಲ್ಲಿ ಒಬ್ಬರೇ ಕೂತು ಬಲಗೈಯನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ.

"ಕೈ ನಡುಗ್ತೈತೆ ಕಣವ್ವ" ಎಂದರು. "ಕೋಲು ಇಡ್ಕಂಡ್ರೆ ಸಾಕು, ಪಾತ್ರೆನೇ ಗಡಗಡ ಅಂತದೆ. ನಮ್ಮವ್ವಂಗೂ ಇಂಗೇ ಸುರುವಾಗಿದ್ದು."

ಅವರ ಅವ್ವ ಕೊನೆಗೆ ನೀರಿನ ಲೋಟ ಹಿಡಿಯಲಾರದೆ ಹೋದದ್ದನ್ನು ನಾನೂ ಕೇಳಿದ್ದೆ.

ಮಾರನೇ ದಿನ ರಜೆ ಹಾಕಿ ರಾಮನಗರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅತ್ತೆಯ ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಅಲುಗಲಿಲ್ಲ. ಮೂಗು ಮುಟ್ಟಿಕೊಳ್ಳಿ ಅಂದರು, ಮುಟ್ಟಿಕೊಂಡರು. ಹೆಸರು ಬರೆಯಿರಿ ಅಂದರು. ನಮ್ಮತ್ತೆ ನನ್ನ ಶಾಲೆಯ ಅರ್ಧ ಮಕ್ಕಳಿಗಿಂತ ದುಂಡಗೆ ಬರೆದರು.

"ಏನೂ ಇಲ್ಲಮ್ಮ, ವಯಸ್ಸು" ಎಂದು ಡಾಕ್ಟರು ಒಂದು ಟಾನಿಕ್ ಬರೆದುಕೊಟ್ಟರು.

ಹೊರಗೆ ಬಂದವರೇ ಅತ್ತೆ, "ಕಾಗದ ಮಡಿಕ್ಕಂಡು ಏನ್ ನೋಡ್ತಾನೆ ಅವ್ನು? ನಾನೇನು ಕಾಗದ ತಿರುವ್ತೀನಾ?" ಎಂದು ಗೊಣಗಿದರು. ಆದರೂ ಟಾನಿಕ್ಕನ್ನು ಹೊತ್ತು ಹೊತ್ತಿಗೆ ಮುಖ ಕಿವುಚಿಕೊಂಡು ಕುಡಿದರು.

ಅದೇ ವಾರ ನನ್ನ ಕೈಯೂ ನಡುಗಲು ಶುರುವಾಯಿತು. ಅಲ್ಲಿಯವರೆಗೆ ಮೆಲ್ಲಗೆ ತಿರುವುತ್ತಿದ್ದವಳು ಗಂಟು ಒಡೆಯಲೆಂದು ಗಟ್ಟಿಯಾಗಿ ತಿರುವಿದರೆ ಕಟಕಟ ಸದ್ದು, ಪಾತ್ರೆ ಆ ಕಡೆ ಈ ಕಡೆ. ಐವತ್ತಕ್ಕೇ ಬಂತಲ್ಲಪ್ಪ ಎಂದು ಬೆವತುಹೋದೆ. ಗಂಡನನ್ನು ಕರೆದು "ನೀವೊಂದು ಸಲ ತಿರುವಿ ನೋಡಿ" ಎಂದೆ. ಅವರು ತಿರುವಿದರೂ ಕಟಕಟ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಕೊಡುವ ಮನುಷ್ಯ ಅವರು. ಒಂದೇ ಮನೆಯಲ್ಲಿ ಮೂರು ಜನಕ್ಕೆ, ಅದರಲ್ಲೂ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಗಂಡನಿಗೆ ಹರಡುವ ಕೈನಡುಕ ಯಾವುದೂ ಇರಲಾರದು ಎಂದು ಆಗ ಹೊಳೆಯಿತು.

ಪಾತ್ರೆ ಕೆಳಗಿಳಿಸಿದೆ. ಪಾತ್ರೆ ಕೂರಿಸುವ ಕಬ್ಬಿಣದ ಸ್ಟ್ಯಾಂಡನ್ನು ಮಗುಚಿ ನೋಡಿದೆ. ಅದರ ನಾಲ್ಕು ಕಾಲಿಗೂ ಕಡಲೆಕಾಳಿನಷ್ಟು ದಪ್ಪದ ಒಂದೊಂದು ರಬ್ಬರ್ ಬುಷ್ ಇರಬೇಕಿತ್ತು. ಉಳಿದಿದ್ದು ಒಂದೇ, ಅದೂ ಸವೆದು ಅರ್ಧವಾಗಿತ್ತು. ಬಾಕಿ ಮೂರು ಕಾಲು ಬರಿಗಾಲಿನಲ್ಲಿ ಗಾಜಿನ ಮೇಲೆ ನಿಂತು ಕುಣಿಯುತ್ತಿದ್ದವು.

ಮೂರು ಬುಷ್ ಎಲ್ಲಿ ಹೋದವೆಂದು ಯೋಚಿಸುವ ಅಗತ್ಯವಿರಲಿಲ್ಲ. ಪ್ರತಿ ಶನಿವಾರ ಸ್ಟ್ಯಾಂಡುಗಳನ್ನು ಬಿಸಿ ಸೋಡಾ ನೀರಿನಲ್ಲಿ ನೆನೆಹಾಕಿ ತಂತಿ ಬ್ರಷ್ಷಿನಲ್ಲಿ ಉಜ್ಜುವವಳು ನಾನೇ. ಉಬ್ಬಿದ ರಬ್ಬರು ಒಂದೊಂದಾಗಿ ಕಳಚಿಕೊಂಡು ಸಿಂಕಿನ ತೂತಿನಲ್ಲಿ ಹೋಗಿರಬೇಕು. ನನ್ನ ಶುಚಿತ್ವದ ಹುಚ್ಚಿಗೆ ನಮ್ಮತ್ತೆ ಟಾನಿಕ್ ಕುಡಿಯುತ್ತಿದ್ದರು.

ಆಗಲೇ ಜಗಲಿಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮಕ್ಕಳಿಗೆ ಸತ್ಯ, ಅಹಿಂಸೆ ಪಾಠ ಮಾಡುವವಳು ಗಂಡನನ್ನು ಬಾಗಿಲ ಮರೆಗೆ ಎಳೆದುಕೊಂಡು, "ಸದ್ದಿಲ್ಲದೆ ಸರಿಮಾಡಿಬಿಡೋಣ. ಟಾನಿಕ್ಕಿನಿಂದ ವಾಸಿಯಾಯ್ತು ಅಂದುಕೊಳ್ಳಲಿ" ಎಂದೆ. ತಾಯಿಯ ಬಾಯಿ ಗೊತ್ತಿದ್ದ ಮಗ ತಕ್ಷಣ ಒಪ್ಪಿದರು.

ಸ್ಟೌ ರಿಪೇರಿ ಅಂಗಡಿಯವನು ಸ್ಟ್ಯಾಂಡನ್ನು ತಿರುಗಿಸಿ ನೋಡಿ, "ಈ ಮಾಡೆಲ್ ನಿಂತೋಯ್ತು ಮೇಡಂ. ಬುಷ್ ಬರಲ್ಲ. ಹೊಸಾ ಸ್ಟೌ ತಗೊಂಬುಡಿ" ಎಂದ. ಕಡಲೆಕಾಳಿಗಾಗಿ ಹೊಲ ಕೊಳ್ಳಿ ಅಂದ ಹಾಗಿತ್ತು. ನನ್ನ ಗಂಡ ಕುದೂರಿನಲ್ಲಿ ಬಸ್ ನಿಂತಾಗ ಅಲ್ಲಿಯ ಅಂಗಡಿಯಲ್ಲೂ ವಿಚಾರಿಸಿ, ಮಾಗಡಿಯಲ್ಲೂ ವಿಚಾರಿಸಿ ಬರಿಗೈಯಲ್ಲಿ ಬಂದರು. ಹೀಗೆ ನಾಲ್ಕು ದಿನ ಹೋಯಿತು. ಐದನೇ ದಿನ ಅವರೇ ಹಿತ್ತಲಲ್ಲಿ ಕೂತು ಬ್ಲೇಡಿನಲ್ಲಿ ಏನನ್ನೋ ಕೊಯ್ದು, ನಾಲ್ಕು ನೀಲಿ ರಬ್ಬರಿನ ತುಂಡುಗಳನ್ನು ಸ್ಟ್ಯಾಂಡಿನ ಕಾಲಿಗೆ ಸಿಕ್ಕಿಸಿ ತಂದರು. ಒಂದಿಷ್ಟೂ ಅಲುಗಾಟವಿಲ್ಲ.

"ಎಲ್ಲಿ ಸಿಕ್ತು ರೀ?"

"ಸಿಕ್ತು ಬುಡು."

ಬಚ್ಚಲ ಬಾಗಿಲಲ್ಲಿ ಇರುತ್ತಿದ್ದ ಹವಾಯಿ ಚಪ್ಪಲಿಯ ಜೋಡಿಯಲ್ಲಿ ಒಂದು ಕಾಣೆಯಾಗಿದ್ದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. "ಸೋಪಾಕಿ ತೊಳ್ದೀನಿ" ಎಂದು ಅವರು ಪಿಸುಗುಟ್ಟಿದರು.

"ಅತ್ತೆ, ಇವತ್ತೊಂದು ದಿನ ನೀವು ತಿರುವಿ. ನನಗೆ ಸೊಂಟ ಹಿಡಿದಿದೆ" ಎಂದೆ. ಅವರು ಬೇಡ ಬೇಡವೆನ್ನುತ್ತಲೇ ಬಂದು ಕೋಲು ಹಿಡಿದರು. ಮೊದಲೆರಡು ಸುತ್ತು ಹೆದರಿ ಹೆದರಿ ತಿರುವಿದರು. ಪಾತ್ರೆ ಕದಲಲಿಲ್ಲ. ಮೂರನೇ ಸುತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಹಳೆಯ ಕುಸ್ತಿ. ನನ್ನ ಕಡೆ ತಿರುಗಿದಾಗ ಅವರ ಮುಖ ಮದುವೆ ಹುಡುಗಿಯ ಮುಖದ ಹಾಗೆ ಕೆಂಪೇರಿತ್ತು.

"ನಿಂತೋಯ್ತು ಕಣವ್ವ! ನೋಡು, ನಿಂತೋಯ್ತು!"

"ಟಾನಿಕ್ ಕೆಲಸ ಮಾಡಿದೆ ಅತ್ತೆ" ಎಂದೆ. ಅಷ್ಟು ಹೇಳಿ ಮುಗಿಸುವುದರೊಳಗೆ ವಾಸನೆ ಬಂತು. ಟೈರು ಸುಟ್ಟ ವಾಸನೆ. ಅತ್ತೆ ಮೂಗರಳಿಸಿದರು, ಗ್ಯಾಸ್ ಆರಿಸಿದರು, ಪಾತ್ರೆ ಇಳಿಸಿದರು, ಇಕ್ಕಳದಲ್ಲಿ ಸ್ಟ್ಯಾಂಡ್ ಎತ್ತಿದರು. ಗಾಜಿನ ಮೇಲೆ ನಾಲ್ಕು ಕಡೆ ನೀಲಿ ಅಂಟು. ಒಂದು ತುಂಡಿನಲ್ಲಿ ಚಪ್ಪಲಿ ಅಟ್ಟೆಯ ಗೀರುಗಳು ಇನ್ನೂ ಸ್ಪಷ್ಟವಾಗಿದ್ದವು.

"ಲೇ!" ಎಂದು ಮಗನನ್ನು ಕೂಗಿದರು. "ಬಚ್ಚಲ ಚಪ್ಪಲಿ ಮ್ಯಾಲೆ ನನ್ ಕೈಲಿ ಇಟ್ಟು ತಿರುವಿಸ್ದಾ?"

ನನ್ನ ಗಂಡ ತೊಳೆದ ಸೋಪಿನ ವಿಷಯ ಎತ್ತಿದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ನಾನೇ ಎಲ್ಲ ಹೇಳಿದೆ, ಸೋಡಾ ನೀರು, ಬ್ರಷ್ಷು, ಸಿಂಕು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತೆ. ಬರಲಿಲ್ಲ.

"ನಿಂಗೆ ಗೊತ್ತಾಗಿ ಎಷ್ಟು ದಿನವಾಯ್ತು?"

"ಐದು ದಿನ."

"ಐದು ದಿನ" ಎಂದರು ಮೆಲ್ಲಗೆ. "ಆ ಐದು ದಿನವೂ ನಾನು ಜಗಲೀಲಿ ಕೂತ್ಕಂಡು, ಲೋಟ ಇಡಿಯಾಕಾಗ್ದೆ ವೋದ್ರೆ ನಂಗೆ ಯಾರು ಉಣ್ಣುಸ್ತಾರೆ ಅಂತ ಯೋಚ್ನೆ ಮಾಡ್ತಿದ್ದೆ ಕಣವ್ವ."

ಚಪ್ಪಲಿಗಿಂತ ಅದು ಜೋರಾಗಿ ತಗುಲಿತು. ನಾನುಣ್ಣಿಸುತ್ತಿದ್ದೆ ಅತ್ತೆ ಅಂತ ಹೇಳಬೇಕೆನ್ನಿಸಿತು. ಸುಳ್ಳು ಹೇಳಿ ಸಿಕ್ಕಿಬಿದ್ದ ಗಳಿಗೆಯಲ್ಲಿ ಅಂಥ ಮಾತು ಯಾರು ನಂಬುತ್ತಾರೆ? ತಿರುವಿದ ಮುದ್ದೆಯನ್ನು ಅವರು ತಿನ್ನಲಿಲ್ಲ, ನಮಗೂ ತಿನ್ನಲು ಬಿಡಲಿಲ್ಲ. ಅವತ್ತು ಮೂವರೂ ಅವಲಕ್ಕಿ ತಿಂದೆವು.

ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಹೇಳಬೇಕಾದ್ದನ್ನು ಮಗನಿಗೆ ಹೇಳುತ್ತಿದ್ದರು, ನಾನು ಎದುರಿಗೇ ಇದ್ದರೂ. "ಅವ್ಳಿಗೆ ಯೋಳು, ಸಾರಿಗೆ ಉಪ್ಪು ಜಾಸ್ತಿ." ಮೂರನೇ ದಿನ ಅಟ್ಟದಿಂದ ಹಳೇ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಇಳಿಸಿಕೊಂಡು ಬಂದು ನನ್ನ ಮುಂದೆ ಹಾಕಿದರು.

"ಇದು ವರ್ಷಾನುಗಟ್ಟಲೆ ಬೆಂಕಿ ಮೇಲೆ ಕುಂತಿತ್ತು. ಕರಗ್ತಾ? ನೀನು ಓದಿರೋಳು. ನಿಂಗೆ ವೊಳೀಲಿಲ್ವಾ?"

ಹೊಳೆದಿರಲಿಲ್ಲ. ಹನ್ನೆರಡು ತುಂಡು ಕತ್ತರಿಸಿದೆವು, ಮೂರು ಸ್ಟ್ಯಾಂಡಿಗೂ ಆಗಲಿ ಎಂದು. ಕಾಲು ಕೂರಲು ತೂತು ಬೇಕಿತ್ತು. ಎದುರು ಮನೆಯ ಭಾಯಿ ಗೊಂಬೆ ಕಡೆಯುವವರು, ಅವರ ಬಳಿ ಸಣ್ಣ ಡ್ರಿಲ್ ಇದೆ. ಅತ್ತೆ ತಾವೇ ತುಂಡುಗಳನ್ನು ಉಡಿಯಲ್ಲಿ ಹಾಕಿಕೊಂಡು ಹೋಗಿ ನಡೆದದ್ದನ್ನೆಲ್ಲ ಬಣ್ಣ ಕಟ್ಟಿ ಹೇಳಿದರು. ಭಾಯಿ ನಕ್ಕು ನಕ್ಕು ಅರ್ಧದಲ್ಲಿ ಮೋಟಾರ್ ನಿಲ್ಲಿಸಬೇಕಾಯಿತು. "ಅಮ್ಮಾ, ನನ್ ಕೈ ನಡುಗ್ತೈತೆ ಈಗ, ಒಸಿ ತಡೀರಿ" ಎಂದರು.

ತೂತುಗಳು ಹದವಾಗಿ ಬಂದವು. ಸ್ಟ್ಯಾಂಡ್ ಗಾಜಿಗೆ ಅಂಟಿಕೊಂಡ ಹಾಗೆ ಕೂತಿತು. ಅತ್ತೆ ಮುದ್ದೆ ತಿರುವಿ, ಕಟ್ಟಿ, ಮೊದಲನೆಯದನ್ನು ನನ್ನ ತಟ್ಟೆಗೆ ಹಾಕಿದರು. ಎರಡು ದಿನದ ಮೌನ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಕೈ ತೊಳೆಯುವಾಗ ಅವರು ಇನ್ನೊಂದು ವಿಷಯ ಬಿಚ್ಚಿದರು.

"ಕಬ್ಬಾಳಮ್ಮಂಗೆ ಅರಕೆ ವೊತ್ತಿದ್ದೆ. ನಡುಕ ನಿಂತ್ರೆ ಬೆಳ್ಳಿ ಕೈ ಕೊಡ್ತೀನಿ ಅಂತ."

"ಅತ್ತೆ, ಕೈಗೆ ಏನೂ ಆಗಿರಲಿಲ್ಲವಲ್ಲ. ಕೊಡುವುದಾದರೆ ಸ್ಟೌ ಕಾಲು ಮಾಡಿಸಿಕೊಡಿ."

"ಬಾಯ್ಮುಚ್ಚು. ನಿಂಗೆ ಸ್ಟ್ಯಾಂಡ್ ಮಗುಚಾಕೆ ಬುದ್ಧಿ ಕೊಟ್ಟೋರ್ಯಾರು? ನಿಂಗೆ ನೀನೇ ಕೊಟ್ಕಂಡ್ಯಾ?"

ನನ್ನ ಬುದ್ಧಿಯ ಚರಿತ್ರೆ ಅವರಿಗೆ ಚೆನ್ನಾಗಿ ಗೊತ್ತಿದ್ದರಿಂದ ನಾನು ವಾದ ಮಾಡಲಿಲ್ಲ. ಮುಂದಿನ ವಾರ ಮೂವರೂ ಕಬ್ಬಾಳಿಗೆ ಹೋದೆವು. ಹೆಬ್ಬೆರಳಿನಷ್ಟು ಉದ್ದದ ತೆಳು ಬೆಳ್ಳಿಯ ಹಸ್ತ. ಪೂಜಾರಿ ತಟ್ಟೆಗೆ ತೆಗೆದುಕೊಂಡು, "ಯಾರಿಗಮ್ಮ ಕೈ ತೊಂದ್ರೆಯಾಗಿತ್ತು?" ಎಂದು ಕೇಳಿದರು. ಅತ್ತೆ ಒಂದು ಕ್ಷಣವೂ ತಡೆಯದೆ ನನ್ನನ್ನು ತೋರಿಸಿ, "ಇವ್ಳಿಗೆ. ಸುಮ್ನೆ ಇರದ ಕೈ" ಎಂದರು. ಪೂಜಾರಿ ಕನಿಕರದಿಂದ ನನ್ನ ಎರಡೂ ಅಂಗೈಗೆ ಕುಂಕುಮ ಹಚ್ಚಿದರು. ನನ್ನ ಗಂಡ ಕೆಮ್ಮುವ ಹಾಗೆ ಮಾಡಿ ಕಂಬದ ಹಿಂದೆ ಹೋದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬಳು ನನ್ನ ಕೆಂಪು ಅಂಗೈ ನೋಡಿ ಏನೆಂದು ಕೇಳಿದಳು. ಅತ್ತೆಗೆ ಅಷ್ಟು ಸಾಕಾಗಿತ್ತು. ಚನ್ನಪಟ್ಟಣ ಬರುವವರೆಗೂ ಹೇಳಿದರು. ಇಳಿಯುವಾಗ ಆ ಹೆಂಗಸು ತನ್ನ ಕೈಚೀಲ ಎತ್ತಿಕೊಳ್ಳುತ್ತ, "ಮನೇಲಿ ದೋಸೆ ಕಾವಲಿ ಅಲ್ಲಾಡ್ತದೆ ಅಂತ ನಾನು ಸೊಸೆನ ಬಯ್ತಿದ್ದೆ. ಇವತ್ತೇ ಮಗುಚಿ ನೋಡ್ತೀನಿ" ಎಂದಳು.

"ಮೊದ್ಲು ನೋಡು. ಬಯ್ಯೋದು ಆಮ್ಯಾಕೆ ಇದ್ದೇ ಇರ್ತದೆ" ಎಂದು ಅತ್ತೆ ಹೇಳಿ, ಮೆಟ್ಟಿಲು ಇಳಿಯಲು ನನ್ನ ಭುಜ ಹಿಡಿದುಕೊಂಡರು.